ಸಾನ್ ಜನ, ಅವರ ನೆಲ, ಅಲ್ಲಿಗೆ ಬಂದ ಮಿಷನರಿಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಸಾನ್ ಜನರ ಮಾತು ಎತ್ತಿದರೆ ಸಾಕು, ಕೆಲವು ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ಎಲ್ಲಿಂದ ಬಂದರು, ಯಾಕೆ ಅಲೆಯುತ್ತಿದ್ದರು, ಪಾದ್ರಿಗಳು ಅವರಿಗೆ ಏನು ಮಾಡಿದರು ಅಂತ. ಒಂದೊಂದಾಗಿ ಉತ್ತರಿಸುತ್ತೇನೆ. ಈ ಪ್ರಶ್ನೆಗಳಲ್ಲೇ ಒಂದೆರಡು ತಪ್ಪು ಕಲ್ಪನೆಗಳು ಅಡಗಿವೆ. ಅವುಗಳನ್ನು ಬಿಡಿಸಿ ಹೇಳುವುದೇ ನನ್ನ ಮುಖ್ಯ ಆಸೆ.

ಸಾನ್ ಅಂದರೆ ಯಾರು?

ಆಫ್ರಿಕಾ ಖಂಡದ ದಕ್ಷಿಣ ಭಾಗದ ಮೂಲ ಜನ. ಬೇಟೆಯಾಡಿ, ಗೆಡ್ಡೆ ಗೆಣಸು ಅಗೆದು, ಕಾಯಿ ಹಣ್ಣು ಆಯ್ದು ಬದುಕಿದವರು. ಇವತ್ತು ಬೋಟ್ಸ್ವಾನಾ, ನಮೀಬಿಯಾ, ದಕ್ಷಿಣ ಆಫ್ರಿಕಾ, ಅಂಗೋಲಾ, ಜಾಂಬಿಯಾ, ಜಿಂಬಾಬ್ವೆ ದೇಶಗಳಲ್ಲಿ ಹಂಚಿಹೋಗಿದ್ದಾರೆ. ಎಲ್ಲ ಸೇರಿ ಲಕ್ಷದ ಆಸುಪಾಸು ಜನ. ಅದರಲ್ಲಿ ದೊಡ್ಡ ಪಾಲು ಬೋಟ್ಸ್ವಾನಾದಲ್ಲಿದೆ.

‘ಸಾನ್’ ಅನ್ನುವುದು ಅವರೇ ಇಟ್ಟುಕೊಂಡ ಹೆಸರಾ?

ಅಲ್ಲ. ಅದು ಪಕ್ಕದ ಖೋಯ್‌ಖೋಯ್ ಜನ ಇಟ್ಟ ಹೆಸರು. ದನಕರು ಇಲ್ಲದೆ ಕಾಡಿನಲ್ಲಿ ಆಯ್ದು ತಿನ್ನುವವರು ಎಂಬ ಅರ್ಥ. ಅದರಲ್ಲಿ ಸ್ವಲ್ಪ ತಾತ್ಸಾರವೂ ಇತ್ತು. ಡಚ್ಚರು ಪೊದೆಗಳ ಜನ ಅಂತ ಕರೆದರು. ಅದೇ ಇಂಗ್ಲಿಷ್‌ನಲ್ಲಿ ‘ಬುಶ್‌ಮನ್’ ಆಯಿತು. ಬೋಟ್ಸ್ವಾನಾದಲ್ಲಿ ‘ಬಸಾರ್ವಾ’ ಅನ್ನುತ್ತಾರೆ. ಅವರನ್ನೇ ಕೇಳಿದರೆ ನಾವು ಜುಹೋವಾನ್ಸಿ, ನಾವು ನಾರೋ, ನಾವು ಗ್ವಿ, ನಾವು ಕೋಮಾನಿ ಅಂತ ತಮ್ಮ ತಮ್ಮ ಗುಂಪಿನ ಹೆಸರು ಹೇಳುತ್ತಾರೆ. ಇವರೆಲ್ಲ ಒಂದೇ ಭಾಷೆ ಆಡುವವರೂ ಅಲ್ಲ. ಎಲ್ಲರನ್ನೂ ಸೇರಿಸಿ ಹೇಳುವಾಗ ಈಗ ಹೆಚ್ಚಾಗಿ ‘ಸಾನ್’ ಅನ್ನುವುದು ರೂಢಿ. ಆದ್ದರಿಂದ ನಾನೂ ಅದನ್ನೇ ಬಳಸುತ್ತೇನೆ.

ಅವರ ಹೆಸರುಗಳನ್ನು ಕನ್ನಡದಲ್ಲಿ ಹೀಗೇ ಬರೆಯಬೇಕಾ?

ಸರಿಯಾಗಿ ಬರೆಯಲು ಆಗುವುದೇ ಇಲ್ಲ. ಅವರ ಭಾಷೆಗಳಲ್ಲಿ ಲೊಚಗುಟ್ಟುವ ಸದ್ದುಗಳೇ ವ್ಯಂಜನಗಳು. ಗೋಡೆಯ ಮೇಲೆ ಹಲ್ಲಿ ಲೊಚ್ ಅಂದರೆ ನಾವು ಶಕುನ ನೋಡುತ್ತೇವೆ. ಅಯ್ಯೋ ಪಾಪ ಅನಿಸಿದಾಗ ಹಲ್ಲಿನ ಹಿಂದೆ ನಾಲಗೆ ಒತ್ತಿ ಚ್ ಚ್ ಅನ್ನುತ್ತೇವೆ. ಎತ್ತು ಹೊಡೆಯುವಾಗ ನಾಲಗೆಯ ಪಕ್ಕದಿಂದ ಇನ್ನೊಂದು ಸದ್ದು ತೆಗೆಯುತ್ತೇವೆ. ನಮಗೆ ಇವು ಮಾತಿನ ಹೊರಗಿನ ಸದ್ದುಗಳು. ಅವರಿಗೆ ನಮ್ಮ ಕ, ಚ, ಟ ಇದ್ದ ಹಾಗೆ. ಪುಸ್ತಕಗಳಲ್ಲಿ ಇವಕ್ಕೆ ಬೇರೆ ಗುರುತುಗಳಿವೆ. ಇಲ್ಲಿ ಆ ಸದ್ದುಗಳನ್ನು ಬಿಟ್ಟು ಉಳಿದದ್ದನ್ನು ಬರೆದಿದ್ದೇನೆ.

ಅವರು ಎಲ್ಲಿಂದ ವಲಸೆ ಬಂದರು?

ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ಮೊದಲ ತಪ್ಪು ಕಲ್ಪನೆಯೂ ಇಲ್ಲೇ ಇದೆ. ದೂರದ ಯಾವುದೋ ದೇಶದಿಂದ ಮೂಟೆ ಕಟ್ಟಿಕೊಂಡು ಬಂದವರಲ್ಲ ಅವರು. ಖಂಡದ ದಕ್ಷಿಣ ಭಾಗದ ಮಟ್ಟಿಗೆ ಎಲ್ಲರಿಗಿಂತ ಮೊದಲು ಅಲ್ಲಿ ಇದ್ದವರು. ಉಳಿದವರೆಲ್ಲ ಆಮೇಲೆ ಬಂದರು.

ವಂಶವಾಹಿಗಳ ಅಧ್ಯಯನವೂ ಇದನ್ನೇ ಹೇಳುತ್ತದೆ. ಮನುಷ್ಯ ಕುಲದ ಮರದಲ್ಲಿ ಎಲ್ಲಕ್ಕಿಂತ ಮೊದಲು ಕವಲೊಡೆದ ಕೊಂಬೆಗಳಲ್ಲಿ ಸಾನ್ ಪೂರ್ವಜರ ಕೊಂಬೆಯೂ ಒಂದು. ಅದು 2 ಲಕ್ಷ ವರ್ಷಕ್ಕೂ ಹಿಂದಿನ ಮಾತು. ಹಾಗಂತ ಇವರನ್ನು ‘ಶಿಲಾಯುಗದ ಜನ’ ಅನ್ನಬಾರದು. ಆ ಕೊಂಬೆ ಅವತ್ತಿನಿಂದ ಇವತ್ತಿನವರೆಗೆ ಬೆಳೆಯುತ್ತಲೇ ಬಂದಿದೆ. ನಮ್ಮ ಕೊಂಬೆಗೆ ಎಷ್ಟು ವಯಸ್ಸೋ ಅವರದಕ್ಕೂ ಅಷ್ಟೇ, ಅಲ್ವಾ?

ಖಂಡದ ದಕ್ಷಿಣ ಭಾಗದೊಳಗೆ ಓಡಾಟ ಇದ್ದೇ ಇತ್ತು. ಮಳೆ ಕಡಿಮೆಯಾದಾಗ, ಪ್ರಾಣಿಗಳು ಜಾಗ ಬದಲಿಸಿದಾಗ ಜನರೂ ಸರಿದಿದ್ದಾರೆ. ಆದರೆ ಅದು ತಮ್ಮದೇ ನೆಲದ ಒಳಗಿನ ಓಡಾಟ.

ಅಷ್ಟು ಹಳೆಯದಕ್ಕೆ ಕೈಗೆ ಸಿಗುವ ಗುರುತೇನಾದರೂ ಇದೆಯಾ?

ಇದೆ. ದಕ್ಷಿಣ ಆಫ್ರಿಕಾದ ಬಾರ್ಡರ್ ಕೇವ್ ಎಂಬ ಗುಹೆಯಲ್ಲಿ ಸುಮಾರು 44,000 ವರ್ಷ ಹಿಂದಿನ ಸಾಮಾನು ಸಿಕ್ಕಿವೆ. ಗೆಡ್ಡೆ ಅಗೆಯುವ ಕೋಲು, ಮೂಳೆಯ ಬಾಣದ ಮೊನೆ, ಉಷ್ಟ್ರಪಕ್ಷಿಯ ಮೊಟ್ಟೆ ಚಿಪ್ಪಿನ ಮಣಿಗಳು. ಮೊನ್ನೆ ಮೊನ್ನೆಯವರೆಗೆ ಕಲಹರಿ ಮರುಭೂಮಿಯ ಸಾನ್ ಮನೆಗಳಲ್ಲಿ ಇದ್ದ ಸಾಮಾನಿಗೂ ಇವಕ್ಕೂ ಎಷ್ಟು ಹೋಲಿಕೆ ಎಂದರೆ, ಒಬ್ಬ ಮುದುಕಿಯ ಕೈಗೆ ಆ ಕೋಲು ಕೊಟ್ಟರೆ ಏನು ಮಾಡಬೇಕು ಅಂತ ಹೇಳಿಕೊಡಬೇಕಿರಲಿಲ್ಲ.

ನಮೀಬಿಯಾದ ಅಪೋಲೋ 11 ಗುಹೆಯಲ್ಲಿ ಪ್ರಾಣಿಗಳ ಚಿತ್ರ ಬರೆದ ಕಲ್ಲಿನ ಹಲಗೆಗಳು ಸಿಕ್ಕಿದ್ದು 1969ರಲ್ಲಿ. ಅದು ಮನುಷ್ಯ ಚಂದ್ರನ ಮೇಲೆ ಇಳಿದ ವರ್ಷ, ಅದಕ್ಕೇ ಆ ಹೆಸರು. ಆ ಚಿತ್ರಗಳ ವಯಸ್ಸು 25,000 ವರ್ಷಕ್ಕೂ ಜಾಸ್ತಿ. ಬೋಟ್ಸ್ವಾನಾದ ತ್ಸೋದಿಲೋ ಬೆಟ್ಟಗಳಲ್ಲಿ ಹತ್ತೇ ಹತ್ತು ಚದರ ಕಿಲೋಮೀಟರ್ ಜಾಗದಲ್ಲಿ 4,500ಕ್ಕೂ ಹೆಚ್ಚು ಚಿತ್ರಗಳಿವೆ. ಯುನೆಸ್ಕೋ 2001ರಲ್ಲಿ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಅಲೆಮಾರಿಗಳು ಅಂದಮೇಲೆ ಅವರಿಗೆ ಸ್ವಂತ ಊರು, ನೆಲ ಅನ್ನುವುದು ಇರಲಿಲ್ಲ, ಅಲ್ವಾ?

ಇದು ಎರಡನೆಯ ತಪ್ಪು ಕಲ್ಪನೆ. ಇದರಿಂದ ಆದಷ್ಟು ಅನ್ಯಾಯ ಬೇರೆ ಯಾವುದರಿಂದಲೂ ಆಗಿಲ್ಲ.

ಜುಹೋವಾನ್ಸಿ ಜನರಲ್ಲಿ ‘ನೋರೆ’ ಎಂಬ ಮಾತಿದೆ. ನೋರೆ ಅಂದರೆ ಒಂದು ಗುಂಪಿಗೆ ಸೇರಿದ ಸೀಮೆ. ಅದರಲ್ಲಿ ಒಂದು ನೀರಿನ ಜಾಗ ಇರುತ್ತದೆ. ಸುತ್ತ ಯಾವ ಗಿಡ ಎಲ್ಲಿ ಬೆಳೆಯುತ್ತದೆ, ಯಾವ ಗೆಡ್ಡೆ ಯಾವ ತಿಂಗಳಲ್ಲಿ ಬಲಿಯುತ್ತದೆ ಎಂಬುದೆಲ್ಲ ಆ ಗುಂಪಿನ ಹೆಂಗಸರಿಗೆ ಬಾಯಿಪಾಠ. ನೋರೆಯ ಹಕ್ಕು ಅಪ್ಪನ ಕಡೆಯಿಂದಲೂ ಬರುತ್ತದೆ, ಅಮ್ಮನ ಕಡೆಯಿಂದಲೂ ಬರುತ್ತದೆ. ಬೇರೆ ನೋರೆಯವರು ಬಂದರೆ ಕೇಳಿಯೇ ನೀರು ಮುಟ್ಟಬೇಕು. ಕೇಳಿದರೆ ಸಾಮಾನ್ಯವಾಗಿ ಇಲ್ಲ ಅನ್ನುವುದಿಲ್ಲ. ನಾಳೆ ಅವರ ನೋರೆಗೆ ಇವರೂ ಹೋಗಬೇಕಾಗುತ್ತದಲ್ಲ.

ಒಣಗಾಲದಲ್ಲಿ ಬತ್ತದ ನೀರಿನ ಹತ್ತಿರ ಎಲ್ಲರೂ ಸೇರುತ್ತಿದ್ದರು. ಮಳೆ ಬಿದ್ದು ಅಲ್ಲಲ್ಲಿ ನೀರು ನಿಂತಾಗ ಸಣ್ಣ ಸಣ್ಣ ಗುಂಪಾಗಿ ಚದುರುತ್ತಿದ್ದರು. ಉಷ್ಟ್ರಪಕ್ಷಿಯ ಮೊಟ್ಟೆಗೆ ತೂತು ಕೊರೆದು, ನೀರು ತುಂಬಿ, ಬಾಯಿ ಮುಚ್ಚಿ ಇಟ್ಟುಕೊಳ್ಳುತ್ತಿದ್ದರು. ಒಂದು ಮೊಟ್ಟೆಯಲ್ಲಿ ಸುಮಾರು ಒಂದು ಲೀಟರ್ ಹಿಡಿಯುತ್ತದೆ. ಇದು ಗೊತ್ತುಗುರಿ ಇಲ್ಲದ ಅಲೆದಾಟ ಅಲ್ಲ. ಒಂದು ದೊಡ್ಡ ಮನೆಯಲ್ಲಿ ಬೇಸಿಗೆಗೆ ಜಗುಲಿ, ಮಳೆಗೆ ಒಳಕೋಣೆ ಅಂತ ಇದ್ದ ಹಾಗೆ. ಆದರೆ ಆ ಮನೆಗೆ ಗೋಡೆ ಇಲ್ಲ, ಬೇಲಿ ಇಲ್ಲ. ಹೊರಗಿನಿಂದ ಬಂದವರ ಕಣ್ಣಿಗೆ ಅದು ಖಾಲಿ ಬಯಲಾಗಿ ಕಂಡಿತು.

ಖೋಯ್‌ಖೋಯ್ ಮತ್ತು ಸಾನ್ ಒಂದೇನಾ?

ಹತ್ತಿರದವರು, ಆದರೆ ಒಂದಲ್ಲ. ಸುಮಾರು 2,000 ವರ್ಷ ಹಿಂದೆ ಉತ್ತರದಿಂದ ಕುರಿ ಸಾಕಣೆ ಈ ಭಾಗಕ್ಕೆ ಬಂತು. ಕುರಿ, ಆಮೇಲೆ ದನ ಸಾಕಿದವರು ಖೋಯ್‌ಖೋಯ್. ನಡುವಿನ ಗೆರೆ ಗಟ್ಟಿಯಾಗಿರಲಿಲ್ಲ. ದನ ಕಳೆದುಕೊಂಡವರು ಬೇಟೆಗೆ ಇಳಿಯುತ್ತಿದ್ದರು, ಬೇಟೆಯವರು ದನ ಕಾಯಲು ಸೇರುತ್ತಿದ್ದರು. ಮಿಷನರಿಗಳ ಕಥೆ ಓದುವಾಗ ಈ ವ್ಯತ್ಯಾಸ ನೆನಪಿರಲಿ. ‘ಸಾನ್ ಮಿಷನ್’ ಅಂತ ಶುರುವಾದ ಎಷ್ಟೋ ಕಡೆ ಕೊನೆಗೆ ಉಳಿದವರು ಖೋಯ್‌ಖೋಯ್ ಮತ್ತು ಮಿಶ್ರ ಮೂಲದ ಜನ.

ಬಾಂಟು ಭಾಷೆಯ ರೈತರು ಬಂದ ಮೇಲೆ ಏನಾಯಿತು?

ಸುಮಾರು 1,700 ವರ್ಷ ಹಿಂದಿನಿಂದ ಕಬ್ಬಿಣ, ಬೇಸಾಯ, ದನ ತಂದುಕೊಂಡು ಅವರು ದಕ್ಷಿಣಕ್ಕೆ ಇಳಿದರು. ಜಗಳ ಆಗಿದೆ, ವ್ಯಾಪಾರ ಆಗಿದೆ, ಮದುವೆಯೂ ಆಗಿದೆ. ಇದಕ್ಕೆ ಸಾಕ್ಷಿ ಬೇಕೆಂದರೆ ಖೋಸಾ ಮತ್ತು ಜುಲು ಭಾಷೆಯನ್ನು ಕೇಳಿ. ಅವುಗಳಲ್ಲಿರುವ ಲೊಚಗುಟ್ಟುವ ಸದ್ದುಗಳು ಸಾನ್ ಮತ್ತು ಖೋಯ್‌ಖೋಯ್ ಜನರಿಂದ ಬಂದವು. ಜೊತೆಯಲ್ಲಿ ಬಾಳದೆ ಭಾಷೆಯ ಸದ್ದು ಹೀಗೆ ದಾಟುವುದಿಲ್ಲ.

ಯುರೋಪಿನವರು ಬಂದ ಮೇಲೆ?

1652ರಲ್ಲಿ ಯಾನ್ ವಾನ್ ರಿಬೆಕ್ ಡಚ್ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಇಂದಿನ ಕೇಪ್‌ಟೌನ್‌ನಲ್ಲಿ ಇಳಿದ. ಹಡಗುಗಳಿಗೆ ತರಕಾರಿ, ಮಾಂಸ ಒದಗಿಸುವ ತಾಣ ಬೇಕಿತ್ತು, ಅಷ್ಟೇ. ಆದರೆ ರೈತರು ಒಳನಾಡಿಗೆ ಸರಿಯುತ್ತಾ ಹೋದರು. ನೀರಿನ ಬುಗ್ಗೆ ಕಂಡಲ್ಲಿ ಫಾರ್ಮ್ ಕಟ್ಟಿದರು. ಪ್ರತಿ ಬುಗ್ಗೆಗೂ ಆಗಲೇ ಒಂದು ಸಾನ್ ಗುಂಪು ಇತ್ತು. ಬೇಟೆಯ ಪ್ರಾಣಿಗಳು ಬಂದೂಕಿಗೆ ಮುಗಿದವು. ಸಾನ್ ಜನ ದನ, ಕುರಿಗಳ ಮೇಲೆ ಬಿದ್ದರು. ರೈತರು ಕುದುರೆ ಏರಿ ‘ಕಮಾಂಡೋ’ ಎಂಬ ದಂಡು ಕಟ್ಟಿದರು.

1774ರ ದೊಡ್ಡ ಕಮಾಂಡೋ ದಾಳಿಯಲ್ಲೇ 500ಕ್ಕೂ ಹೆಚ್ಚು ಸಾನ್ ಜನ ಸತ್ತರು, 200ಕ್ಕೂ ಹೆಚ್ಚು ಜನ ಸೆರೆಯಾದರು. ಸೆರೆ ಸಿಕ್ಕ ಮಕ್ಕಳನ್ನು ಫಾರ್ಮ್‌ಗಳಲ್ಲಿ ಜೀತಕ್ಕೆ ಹಚ್ಚಿದರು. ಇದು ಒಂದು ವರ್ಷದ ಲೆಕ್ಕ. ಇಂಥ ದಾಳಿಗಳು ದಶಕಗಟ್ಟಲೆ ನಡೆದವು. ಮಿಷನರಿಗಳು ಸಾನ್ ಜನರ ಹತ್ತಿರ ಹೋದದ್ದು ಈ ರಕ್ತದ ನಡುವೆ. ಇದನ್ನು ಬಿಟ್ಟು ಮುಂದಿನದು ಅರ್ಥ ಆಗುವುದಿಲ್ಲ.

ಅಲ್ಲಿಗೆ ಬಂದ ಮೊದಲ ಮಿಷನರಿ ಯಾರು?

ಗೇಯೋರ್ಗ್ ಶ್ಮಿಟ್. ಮೊರೇವಿಯನ್ ಸಭೆ ಎಂಬ ಪ್ರಾಟೆಸ್ಟಂಟ್ ಕ್ರೈಸ್ತ ಪಂಥದವನು. 1737ರಲ್ಲಿ ಬಂದ. ಅವನು ಹೋದದ್ದು ಖೋಯ್‌ಖೋಯ್ ಜನರ ಬಳಿಗೆ, ಬಾವಿಯಾನ್ಸ್‌ಕ್ಲೂಫ್ ಎಂಬ ಕಣಿವೆಗೆ. ಓದು ಕಲಿಸಿದ, ತೋಟ ಮಾಡಿಸಿದ, ಒಂದು ಪೇರ್ ಮರ ನೆಟ್ಟ. 1742ರಲ್ಲಿ ಕೆಲವರಿಗೆ ದೀಕ್ಷಾಸ್ನಾನ ಮಾಡಿಸಿದ. ಇವನಿಗೆ ಆ ಅಧಿಕಾರ ಇಲ್ಲ ಅಂತ ಕೇಪ್‌ನ (ಕೇಪ್‌ಟೌನ್ ಸುತ್ತಲಿನ ವಸಾಹತಿನ) ಡಚ್ ಪಾದ್ರಿಗಳು ತಕರಾರು ತೆಗೆದರು. 1744ರಲ್ಲಿ ಅವನು ಊರಿಗೆ ಮರಳಿದ.

ಸುಮಾರು 50 ವರ್ಷ ಅಲ್ಲಿಗೆ ಯಾರೂ ಬರಲಿಲ್ಲ. 1792ರಲ್ಲಿ ಮೂವರು ಮೊರೇವಿಯನ್ನರು ಬಂದರು. ಕಣಿವೆಯಲ್ಲಿ ಒಬ್ಬಳು ಹಣ್ಣು ಮುದುಕಿ ಸಿಕ್ಕಳು. ಹೆಸರು ವೆಹೆಟ್ಗೆ, ಶ್ಮಿಟ್ ಇಟ್ಟ ಹೆಸರು ಮಗ್ದಲೇನಾ. ಅವಳು ಒಂದು ಗಂಟು ತಂದಳು. ಕುರಿ ಚರ್ಮ ಬಿಚ್ಚಿದರೆ ಒಳಗೆ ಡಚ್ ಭಾಷೆಯ ಹೊಸ ಒಡಂಬಡಿಕೆ! ಶ್ಮಿಟ್ ಕೊಟ್ಟು ಹೋದ ಪುಸ್ತಕ. ಅವಳ ಕಣ್ಣು ಮಂಜಾಗಿತ್ತು, ಕಿರಿಯವಳೊಬ್ಬಳು ಓದಿ ಹೇಳುತ್ತಿದ್ದಳು. ಅರ್ಧ ಶತಮಾನ ಆ ಪುಸ್ತಕಕ್ಕೆ ಇಲಿ, ಗೆದ್ದಲು, ಮಳೆ ತಾಗದಂತೆ ಕಾಪಾಡಿದ್ದಳು. ಈ ಜಾಗಕ್ಕೆ ಆಮೇಲೆ ಖೆನಾಡೆನ್ದಾಲ್, ಕೃಪೆಯ ಕಣಿವೆ, ಎಂಬ ಹೆಸರಾಯಿತು. ನೆಲ್ಸನ್ ಮಂಡೇಲಾ ಅಧ್ಯಕ್ಷರಾಗಿದ್ದಾಗ ಕೇಪ್‌ಟೌನ್‌ನ ತಮ್ಮ ಅಧಿಕೃತ ನಿವಾಸಕ್ಕೆ ಈ ಹೆಸರನ್ನೇ ಇಟ್ಟರು.

ಸಾನ್ ಜನರ ಬಳಿಗೆ ಮೊದಲು ಹೋದವರು?

ಲಂಡನ್ ಮಿಷನರಿ ಸೊಸೈಟಿ. 1795ರಲ್ಲಿ ಹುಟ್ಟಿದ ಸಂಸ್ಥೆ. 1799ರಲ್ಲಿ ಅದರ ಮೊದಲ ತಂಡ ಕೇಪ್‌ಗೆ ಬಂತು. ಅದರ ಹಿಂದಿನ ವರ್ಷ ಗಡಿಯಲ್ಲಿ ಸಾನ್ ಗುಂಪುಗಳ ಜೊತೆ ಸಂಧಾನ ನಡೆದಿತ್ತು. ಫ್ಲೋರಿಸ್ ವಿಸ್ಸರ್ ಎಂಬ ಗಡಿ ಅಧಿಕಾರಿ ಅದರಲ್ಲಿ ಮುಂದಾಗಿದ್ದ. ಕೊಲ್ಲುವುದು ನಿಲ್ಲಲಿ, ದಾಳಿ ನಿಲ್ಲಲಿ, ಬದಲಿಗೆ ಕುರಿ ಕೊಡೋಣ ಎಂಬ ಮಾತು. ಆಗ ಸಾನ್ ಜನರೂ ಕಲಿಸುವವರನ್ನು ಕಳಿಸಿ ಅಂತ ಕೇಳಿದರು.

ಯೋಹಾನೆಸ್ ಕಿಖೆರರ್ ಮತ್ತು ವಿಲಿಯಂ ಎಡ್ವರ್ಡ್ಸ್ ಜಾಕ್ ನದಿಯ ದಂಡೆಗೆ ಹೊರಟರು. ಒಣ ಕರೂ ಸೀಮೆ ಅದು. ನದಿ ಅನ್ನುವುದು ಹೆಸರಿಗೆ, ವರ್ಷದ ಬಹುಪಾಲು ಮರಳು. ಶುಭ ನಿರೀಕ್ಷೆ ಎಂಬರ್ಥದ ಹೆಸರಿಟ್ಟು ಮಿಷನ್ ಠಾಣೆ ಕಟ್ಟಿದರು. ಜನ ಬಂದರು. ತಂಬಾಕು, ಊಟ ಸಿಗುತ್ತಿತ್ತು. ಅದಕ್ಕಿಂತ ಮುಖ್ಯವಾಗಿ, ಠಾಣೆಯ ಹತ್ತಿರ ಇದ್ದರೆ ಕಮಾಂಡೋ ಗುಂಡು ಹಾರಿಸುವುದಿಲ್ಲ ಎಂಬ ನಂಬಿಕೆ. ಪಾದ್ರಿಗಳಿಗೆ ಅವರ ಭಾಷೆ ಬರುತ್ತಿರಲಿಲ್ಲ, ದುಭಾಷಿಗಳ ಮೂಲಕ ಬೋಧನೆ. ತಂಬಾಕು ಮುಗಿದಾಗ ಜನ ಹೊರಟರು. 1806ರಲ್ಲಿ ಠಾಣೆ ಮುಚ್ಚಿತು.

‘ತಂಬಾಕಿಗೆ ಬಂದರು, ತಂಬಾಕು ಮುಗಿದ ಮೇಲೆ ಹೋದರು’ ಅಂತ ಇದನ್ನು ಹಗುರವಾಗಿ ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಬರಗಾಲದಲ್ಲಿ ಒಂದೇ ಕಡೆ ಕೂತರೆ ಹಸಿವಿನಿಂದ ಸಾಯಬೇಕು. ಅವರು ತಮ್ಮ ನೀರು, ತಮ್ಮ ಗೆಡ್ಡೆ ಇರುವಲ್ಲಿಗೆ ಹೋದರು. ಆ ನೆಲದಲ್ಲಿ ಬದುಕುವ ಬುದ್ಧಿ ಅದೇ.

ಮಿಷನ್‌ಗಳು ಯಾಕೆ ಬಾಳಲಿಲ್ಲ?

ಕೆಲವು ಕಡೆ ಮಿಷನ್ ತಾನಾಗಿ ಸೋಲಲಿಲ್ಲ, ಮುಚ್ಚಿಸಿದರು. ಇಂದಿನ ಕೋಲ್ಸ್‌ಬರ್ಗ್ ಪಕ್ಕದ ಟೋವರ್‌ಬರ್ಗ್‌ನಲ್ಲಿ 1814ರಲ್ಲಿ ಎರಾಸ್ಮಸ್ ಸ್ಮಿಟ್ ಠಾಣೆ ಶುರು ಮಾಡಿದ. 1816ರಲ್ಲಿ ಹೆಫ್‌ಜಿಬಾ ಎಂಬ ಇನ್ನೊಂದು ಆಯಿತು. ಜನ ನೂರಾರು ಸಂಖ್ಯೆಯಲ್ಲಿ ಸೇರಿದರು. ಆದರೆ ಅವರು ಮಿಷನ್‌ಗೆ ಹೋದರೆ ಫಾರ್ಮ್‌ಗೆ ಕೂಲಿ ಯಾರು? ರೈತರು ದೂರಿದರು. 1818ರ ಹೊತ್ತಿಗೆ ಕೇಪ್ ಸರ್ಕಾರ ಎರಡನ್ನೂ ನಿಲ್ಲಿಸಿತು.

ಫಿಲಿಪ್ಪೊಲಿಸ್ ಕಥೆ ಇನ್ನೂ ನೋವಿನದು. 1823ರಲ್ಲಿ ಸಾನ್ ಜನರಿಗಾಗಿಯೇ ಶುರುವಾದ ಠಾಣೆ. ಜಾನ್ ಫಿಲಿಪ್ ಎಂಬ ಮಿಷನರಿಯ ಹೆಸರು ಅದಕ್ಕೆ. ಮೂರು ವರ್ಷದೊಳಗೆ ಫಿಲಿಪ್ ಅಲ್ಲಿ ಗ್ರಿಕ್ವಾ ಎಂಬ ಮಿಶ್ರ ಮೂಲದ ಜನರ ಮುಖಂಡ ಆಡಂ ಕೋಕ್ ಮತ್ತು ಅವನ ಜನರಿಗೆ ನೆಲೆ ಕೊಟ್ಟ. ಷರತ್ತು ಒಂದೇ, ಸಾನ್ ಜನರನ್ನು ಕಾಪಾಡಬೇಕು. ಗ್ರಿಕ್ವಾ ಜನರಿಗೆ ದನವಿತ್ತು, ಕುದುರೆ, ಬಂದೂಕು ಇತ್ತು. ಕೆಲವೇ ವರ್ಷಗಳಲ್ಲಿ ಸಾನ್ ಜನ ತಮಗಾಗಿ ಕಟ್ಟಿದ ಠಾಣೆಯಿಂದಲೇ ಹೊರಬಿದ್ದರು. ಇಂದಿನ ಬೆಥೂಲಿ ಊರಿನದೂ ಅದೇ ಹಾದಿ. ಸಾನ್ ಶಾಲೆಯಾಗಿ ಶುರುವಾಗಿ, 1833ರಲ್ಲಿ ಪ್ಯಾರಿಸ್ ಮಿಷನ್ ಕೈಗೆ ಬಂದು, ಬಾಂಟು ಭಾಷೆಯ ತ್ಸ್ವಾನಾ ಜನರ ನೆಲೆಯಾಯಿತು.

ನನಗೆ ಕಾಣುವ ಕಾರಣ ಒಂದೇ. ಅವತ್ತಿನ ಮಿಷನ್‌ನ ಲೆಕ್ಕದಲ್ಲಿ ಒಳ್ಳೆಯ ಕ್ರೈಸ್ತ ಅಂದರೆ ಮನೆ ಕಟ್ಟಿ, ಉತ್ತು ಬಿತ್ತಿ, ಭಾನುವಾರ ದೇವರ ಮುಂದೆ ಕೂರುವವನು. ‘ಮೊದಲು ಒಂದು ಕಡೆ ನಿಲ್ಲಿ’ ಎಂಬುದೇ ಮೊದಲ ಪಾಠ. ತಮ್ಮದೇ ನೆಲೆ ಇದ್ದ ಜನರಿಗೆ ಆ ಪಾಠ ಹೇಳಿದರು. ಅವರ ನೆಲೆಯನ್ನು ಉಳಿಸಿಕೊಡುವ ಶಕ್ತಿ ಮಾತ್ರ ಆ ಪಾದ್ರಿಗಳ ಬಳಿ ಇರಲಿಲ್ಲ.

ಸಾನ್ ಜನರಿಗೆ ದೇವರು ಇರಲಿಲ್ಲವಾ?

ಹಾಗೆ ಬರೆದ ಪಾದ್ರಿಗಳಿದ್ದರು. ಗುಡಿ, ವಿಗ್ರಹ, ಪೂಜಾರಿ ಕಾಣದಿದ್ದರೆ ಧರ್ಮವೇ ಇಲ್ಲ ಅನಿಸಿತು ಅವರಿಗೆ. ಆದರೆ ರಾತ್ರಿಯಿಡೀ ಬೆಂಕಿಯ ಸುತ್ತ ನಡೆಯುವ ಕುಣಿತ ಅವರ ಕಣ್ಣೆದುರೇ ಇತ್ತು. ಹೆಂಗಸರು ಕೂತು ಚಪ್ಪಾಳೆ ತಟ್ಟಿ ಹಾಡುತ್ತಾರೆ. ಗಂಡಸರು ಕಾಲಿಗೆ ಹುಳುವಿನ ಒಣಗೂಡುಗಳನ್ನು ಗೆಜ್ಜೆಯಂತೆ ಕಟ್ಟಿ ಸುತ್ತು ಹಾಕುತ್ತಾರೆ. ಕುಣಿಯುತ್ತಾ ಕುಣಿಯುತ್ತಾ ಕೆಲವರಿಗೆ ಮೈಮೇಲೆ ಬಂದಂತಾಗುತ್ತದೆ. ಆಗ ಅವರು ಕಾಯಿಲೆಯವರ ಮೇಲೆ ಕೈಯಿಟ್ಟು ನೋವು ತೆಗೆಯುತ್ತಾರೆ. ಬಂಡೆಯ ಎಷ್ಟೋ ಚಿತ್ರಗಳಲ್ಲಿ ಇದೇ ಕುಣಿತ ಇದೆ.

1873ರಲ್ಲಿ ಇಂದಿನ ಲೆಸೊಥೊದ ಮಲೋಟಿ ಬೆಟ್ಟಗಳಲ್ಲಿ ಕ್ವಿಂಗ್ ಎಂಬ ಸಾನ್ ಯುವಕ ಜೋಸೆಫ್ ಓರ್ಪೆನ್ ಎಂಬ ಅಧಿಕಾರಿಗೆ ದಾರಿ ತೋರಿಸಿದ. ಎಲ್ಲವನ್ನೂ ಮಾಡಿದವನು ಕಾಗ್ನ್ ಅಂತ ಹೇಳಿದ. ಅವನು ಎಲ್ಲಿದ್ದಾನೆ ಅಂತ ಓರ್ಪೆನ್ ಕೇಳಿದ. ನಮಗೆ ಗೊತ್ತಿಲ್ಲ, ಎಲ್ಯಾಂಡ್‌ಗಳಿಗೆ ಗೊತ್ತು, ಅವನ ಕೂಗಿಗೆ ಅವು ಓಡುವುದನ್ನು ನೀವು ನೋಡಿಲ್ಲವಾ ಅಂದ ಕ್ವಿಂಗ್. ಎಲ್ಯಾಂಡ್ ಅಂದರೆ ದೊಡ್ಡ ಹೋರಿಯ ಗಾತ್ರದ ಜಿಂಕೆ ಜಾತಿಯ ಪ್ರಾಣಿ. ದೇವರಿಲ್ಲದ ಜನರ ಮಾತಾ ಇದು?

ಇದಕ್ಕೂ ಕರ್ನಾಟಕಕ್ಕೂ ಏನಾದರೂ ಸಂಬಂಧ ಇದೆಯಾ?

ಒಂದು ಇದೆ. ಜಾಕ್ ನದಿಗೆ ಹೋದ ಲಂಡನ್ ಮಿಷನರಿ ಸೊಸೈಟಿಯೇ 1810ರಲ್ಲಿ ಬಳ್ಳಾರಿಗೂ ಬಂತು. ಜಾನ್ ಹ್ಯಾಂಡ್ಸ್ ಅಲ್ಲಿ ಕೂತು ಕನ್ನಡ ಕಲಿತು ಬೈಬಲ್ಲನ್ನು ಕನ್ನಡಕ್ಕೆ ತಂದರು. ಸಂಸ್ಥೆ ಒಂದೇ, ಕಾಲವೂ ಹೆಚ್ಚುಕಮ್ಮಿ ಒಂದೇ. ಬಳ್ಳಾರಿಯಲ್ಲಿ ಊರು, ಹೊಲ, ಲಿಪಿ, ಸಾಹಿತ್ಯ ಎಲ್ಲ ಇದ್ದವು. ಮಿಷನ್ ಬಂದರೂ ಬಾರದಿದ್ದರೂ ಕನ್ನಡ ಉಳಿಯುತ್ತಿತ್ತು. ಜಾಕ್ ನದಿಯ ಜನ ಆಡುತ್ತಿದ್ದ ಕಾಂ ಭಾಷೆ ಇಂದು ಇಲ್ಲ.

ಆ ಭಾಷೆಯಲ್ಲಿ ಏನೂ ಉಳಿದಿಲ್ಲವಾ?

ಉಳಿದಿದೆ, ಅಚ್ಚರಿಯ ರೀತಿಯಲ್ಲಿ. 1870ರಲ್ಲಿ ಕೇಪ್‌ಟೌನ್‌ನ ಬ್ರೇಕ್‌ವಾಟರ್ ಜೈಲಿನಲ್ಲಿ ಕೆಲವು ಕಾಂ ಕೈದಿಗಳಿದ್ದರು. ಕುರಿ, ದನ ಕದ್ದ ಆರೋಪ. ವಿಲ್ಹೆಲ್ಮ್ ಬ್ಲೀಕ್ ಎಂಬ ಜರ್ಮನ್ ಭಾಷಾಪಂಡಿತ ಅವರಲ್ಲಿ ಕೆಲವರನ್ನು ತನ್ನ ಮನೆಯಲ್ಲಿ ಇರಿಸಿಕೊಳ್ಳಲು ಅನುಮತಿ ಪಡೆದ. ಅವನೂ, ಅವನ ನಾದಿನಿ ಲೂಸಿ ಲಾಯ್ಡ್‌ರೂ ಅವರ ಮಾತನ್ನು ಅಕ್ಷರ ಅಕ್ಷರ ಬರೆದುಕೊಂಡರು. ನೋಟ್‌ಬುಕ್‌ಗಳಲ್ಲಿ ಸುಮಾರು 12,000 ಪುಟ. 1997ರಲ್ಲಿ ಯುನೆಸ್ಕೋದ ‘ವಿಶ್ವದ ನೆನಪು’ ಪಟ್ಟಿಗೆ ಅವು ಸೇರಿದವು.

ಅವರಲ್ಲಿ ಕಾಬೊ ಎಂಬ ಹಿರಿಯ ಇದ್ದ. ಅವನ ಹೆಸರಿನ ಅರ್ಥ ಕನಸು. ಮುಂಗಾಲು ಜೋಡಿಸಿ ಕೂರುವ ಮ್ಯಾಂಟಿಸ್ ಹುಳುವಿನ ರೂಪದ ಕಾಗೆನ್‌ನ ಕಥೆಗಳನ್ನು ಹೇಳಿದ. ಸೆರೆವಾಸ ಮುಗಿದ ಮೇಲೂ ಕಥೆಗಳಿಗಾಗಿಯೇ ಉಳಿದ. ಅವನ ಮಾತುಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಬೇರೆ. ತನ್ನ ನೀರಿನ ಜಾಗ ಅಜ್ಜನದಾಗಿತ್ತು, ಆಮೇಲೆ ಅಪ್ಪನಿಗೆ ಬಂತು, ಅಪ್ಪನ ನಂತರ ಅಣ್ಣನಿಗೆ, ಅಣ್ಣ ಸತ್ತ ಮೇಲೆ ತನಗೆ ಅಂತ ಅವನು ಬರೆಸಿದ್ದಾನೆ. ಪಹಣಿ ಇಲ್ಲದ ಮನುಷ್ಯ ಬಾಯಲ್ಲಿ ಹೇಳಿದ ಪಹಣಿ ಅದು. ತಿಂಗಳು ತಿರುಗಲಿ ಅಂತ ಕಾಯುತ್ತಿದ್ದೇನೆ, ನನ್ನ ಜಾಗಕ್ಕೆ ಹೋಗಬೇಕು, ನನ್ನ ಜನರ ಕಥೆ ಕೇಳುತ್ತಾ ಕೂರಬೇಕು ಅಂತಲೂ ಹೇಳಿದ. 1873ರ ಕೊನೆಗೆ ಊರಿಗೆ ಹೊರಟ. 1876ರಲ್ಲಿ ತೀರಿಕೊಂಡ.

ಕಲಹರಿಗೆ ಮಿಷನ್ ಯಾವಾಗ ಬಂತು?

ತುಂಬಾ ತಡವಾಗಿ. 1849ರಲ್ಲಿ ಡೇವಿಡ್ ಲಿವಿಂಗ್‌ಸ್ಟನ್ ಎಂಬ ಮಿಷನರಿ ಕಲಹರಿ ದಾಟಿ ಎನ್‌ಗಾಮಿ ಸರೋವರ ಮುಟ್ಟಿದ. ದಾರಿಯಲ್ಲಿ ನೀರಿಲ್ಲದೆ ಕಂಗಾಲಾದಾಗ ಒಬ್ಬ ಸಾನ್ ಹೆಂಗಸು ನೀರು ತೋರಿಸಿದಳು. ಆದರೆ ಅವನ ಕೆಲಸ ತ್ಸ್ವಾನಾ ಮತ್ತು ಇತರ ಜನರ ನಡುವೆ. ಸಾನ್ ಜನರ ನಡುವೆ ನೆಲೆಯೂರಿದ ಮಿಷನ್‌ಗಳು 20ನೇ ಶತಮಾನದವು. 1961ರಲ್ಲಿ ನಮೀಬಿಯಾದ ತ್ಸುಮ್ಕ್ವೆಗೆ ಡಚ್ ರಿಫಾರ್ಮ್ಡ್ ಸಭೆಯವರು ಬಂದರು. 1964ರಲ್ಲಿ ಬೋಟ್ಸ್ವಾನಾದ ಡಿಕಾರ್‌ನಲ್ಲಿ ಮಿಷನ್ ಫಾರ್ಮ್ ಆಯಿತು. ಡಿಕಾರ್‌ನಲ್ಲಿ ನಾರೋ ಭಾಷೆಗೆ ಬರಹ ಬಂತು. 1990ರಲ್ಲಿ ಕುರು ಚಿತ್ರಕಲಾ ಯೋಜನೆ ಶುರುವಾಯಿತು. ಅಲ್ಲಿನ ಕಲಾವಿದರ ಚಿತ್ರಗಳಲ್ಲಿ ಮತ್ತೆ ಎಲ್ಯಾಂಡ್, ಗೆಡ್ಡೆ, ಹಕ್ಕಿಗಳು.

ಈಗ ಅವರ ನೆಲ ಅವರ ಕೈಯಲ್ಲಿದೆಯಾ?

ಬಹುಪಾಲು ಇಲ್ಲ. ಬೋಟ್ಸ್ವಾನಾದ ಸೆಂಟ್ರಲ್ ಕಲಹರಿ ಗೇಮ್ ರಿಸರ್ವ್ 1961ರಲ್ಲಿ ಆಯಿತು. ಸುಮಾರು 52,800 ಚದರ ಕಿಲೋಮೀಟರ್. ಪ್ರಾಣಿಗಳ ಜೊತೆ ಅಲ್ಲಿನ ಜನರ ಬದುಕೂ ಉಳಿಯಲಿ ಎಂಬುದು ಅವತ್ತಿನ ಉದ್ದೇಶ. 1997ರಿಂದ ಸರ್ಕಾರ ಜನರನ್ನು ಹೊರಗೆ ಸಾಗಿಸಿತು. ಗ್ವಿ, ಗಾನಾ ಜನ ಕೋರ್ಟಿಗೆ ಹೋದರು. 2006ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. ಆದರೆ ಒಳಗೆ ಕುಡಿಯಲು ನೀರಿಲ್ಲ! ಕೊಳವೆಬಾವಿಗಾಗಿ ಮತ್ತೆ ಕೇಸು. 2011ರಲ್ಲಿ ಅದನ್ನೂ ಗೆದ್ದರು.

ಕಾಂ ಭಾಷೆ ಇಂದು ಎಲ್ಲಾದರೂ ಕಾಣುತ್ತದಾ?

ದಕ್ಷಿಣ ಆಫ್ರಿಕಾದ ನಾಣ್ಯಗಳ ಮೇಲೆ. 2000ದ ಏಪ್ರಿಲ್ 27ರಂದು ಹೊಸ ರಾಷ್ಟ್ರಲಾಂಛನ ಬಂತು. ನಡುವೆ ಎದುರುಬದುರು ನಿಂತ ಇಬ್ಬರು ಮನುಷ್ಯರು. ಆ ಆಕೃತಿಗಳನ್ನು ಸಾನ್ ಬಂಡೆ ಚಿತ್ರವೊಂದರಿಂದ ತೆಗೆದುಕೊಂಡಿದ್ದಾರೆ. ಕೆಳಗೆ ಕಾಂ ಭಾಷೆಯಲ್ಲಿ ಒಂದು ಸಾಲು: ಬೇರೆ ಬೇರೆ ಜನ ಒಂದಾಗಲಿ. ಅದನ್ನು ಮನೆಮಾತಾಗಿ ಓದಬಲ್ಲವರು ಒಬ್ಬರೂ ಉಳಿದಿಲ್ಲ. ಆ ಸಾಲು ಬರೆಯಲು ಸಾಧ್ಯವಾದದ್ದು ಕಾಬೊ ಮತ್ತು ಅವನ ಜೊತೆಗಾರರು ಬ್ಲೀಕ್ ಮನೆಯಲ್ಲಿ ಕೂತು ಹೇಳಿದ ಮಾತುಗಳಿಂದ.